ಹರವಿಯೊಳಗಿನ ಕತ್ತೆ

“ಇದು ರಸ ಅಲ್ಲ. ಕತ್ತೆ ಒದರಿದ್ದನ್ನ ಹಿಡದು ಹರವ್ಯಾಗ ತುಂಬ್ಯಾರ,” ಎಂದು ದುಂಡಪ್ಪ ಕಾಕಾ ಇಡೀ ಓಣಿಯ ಎದುರಿಗೆ ಹೇಳಿ, ಬಾಯೊಳಗಿನ ಗುಟುಕನ್ನು ಹುಣಸೆಮರದ ಬುಡಕ್ಕೆ ಉಗುಳಿದ. ಓಣಿಗೆ ಓಣಿಯೇ ನಕ್ಕಿತು. ಕತ್ತೆ ಯಾರೆಂದು ಯಾರೂ ಕೇಳಲಿಲ್ಲ, ಎಲ್ಲರೂ ನನ್ನ ಕಡೆ ನೋಡಿದರು. ನಾನು ಅಂಗಿಯ ತೋಳು ಮೇಲೇರಿಸಿ ಹೆಜ್ಜೆ ಮುಂದಿಟ್ಟೇ ಬಿಟ್ಟಿದ್ದೆ. ಆದರೆ ಹಿಂದಿನಿಂದ ನನ್ನನ್ನು ಸಾಕಿದ ಅತ್ತಿ ನನ್ನ ಅಂಗಿಯ ಚುಂಗು ಹಿಡಿದಿದ್ದಳು. ಕೌದಿ ಹೊಲಿದು ಹೊಲಿದು ಗಟ್ಟಿಯಾದ ಬೆರಳು ಅವು. ಆ ಬೆರಳು ಹಿಡಿದದ್ದು ಹರಿದರೆ ಹರಿದೀತು, ಬಿಟ್ಟುಬರುವುದಿಲ್ಲ. ಹರಿದೂ ಹರಿಯಿತು. ಅಂಗಿಯ ಚುಂಗು ಅವಳ ಕೈಯಲ್ಲಿ ಉಳಿಯಿತು, ಸಿಟ್ಟು ನನ್ನ ಗಂಟಲಲ್ಲಿ ಉಳಿಯಿತು. ನಮ್ಮ ಹರವಿಯ ಕೊರಳು ಮಾತ್ರ ಬರಿದಾಗೇ ಉಳಿಯಿತು.

ಅದು ಹೋದ ವರ್ಷದ ಸೀಗಿ ಹುಣ್ಣಿಮೆ. ಮಳೆ ಹಿಂದೆ ಸರಿದು, ಆಕಾಶ ತೊಳೆದು ಬೋರಲಿಟ್ಟ ತಾಟಿನ ಹಾಗೆ ಹೊಳೆಯತೊಡಗಿದ ಮೇಲೆ, ಆ ಹುಣ್ಣಿಮೆಯ ಮಧ್ಯಾಹ್ನ ನಮ್ಮ ಓಣಿಯ ಪ್ರತಿ ಮನೆಯವರೂ ತಮ್ಮ ಹರವಿಯನ್ನು, ರಸ ತುಂಬಿದ ಮಣ್ಣಿನ ಗಡಿಗೆಯನ್ನು, ಹುಣಸೆಮರದ ಕೆಳಗೆ ತಂದಿಡುತ್ತಾರೆ. ಹೋಳಿಯ ನಂತರ ದ್ರಾಕ್ಷಿ ತುಳಿದು ತುಂಬಿದ ರಸ ಅದು. ಹೊರಗಿನವರು ವೈನು ಎನ್ನುತ್ತಾರೆ, ನಾವು ರಸ ಎನ್ನುತ್ತೇವೆ. ನಮ್ಮ ಹರವಿಯ ರಸವನ್ನು ನಾವು ಕುಡಿಯುವಂತಿಲ್ಲ. ಎಲ್ಲರ ಹರವಿಯನ್ನೂ ಕುಡಿಕೆಯಲ್ಲಿ ರುಚಿ ನೋಡಿ, ತಮಗೆ ಹಿಡಿಸಿದ ಒಂದರ ಕೊರಳಿಗೆ ತಮ್ಮ ಮನೆಯ ಅರಿವೆಯ ಚಿಂದಿಯೊಂದನ್ನು ಕಟ್ಟಬೇಕು. ಆ ಹರವಿಯ ರಸ ಕಟ್ಟಿದವರದು. ಒಂದೇ ಹರವಿಗೆ ಎರಡು ಮೂರು ಮನೆಯವರು ಕಟ್ಟುವುದೂ ಉಂಟು. ಆಗ ಹಂಚಿಕೊಳ್ಳುತ್ತಾರೆ. ಚಳಿ ಬಲಿಯುವ ತನಕ ಸಂಜೆಸಂಜೆ ಕಟ್ಟೆಯ ಮೇಲೆ ಕುಂತು, ಕುದಿಸಿದ ಶೇಂಗಾ ಸುಲಿಯುತ್ತ ಆ ರಸ ಕುಡಿಯುವುದೇ ನಮ್ಮಲ್ಲಿ ಶರದ್ ಋತು. ಯಾರೂ ಕಟ್ಟದ ಹರವಿಯನ್ನು ಅಲ್ಲೇ ಹುಣಸೆಯ ಬುಡಕ್ಕೆ ಸುರಿಯುತ್ತಾರೆ. ವರ್ಷವರ್ಷ ಅದನ್ನೇ ಕುಡಿದ ಆ ಮರದ ಹುಣಸೆಹಣ್ಣನ್ನು ಯಾರೂ ಸಾರಿಗೆ ಹಾಕುವುದಿಲ್ಲ. ಹಾಕಿದ ಮನೆಯಲ್ಲಿ ಊಟ ಮುಗಿಯುವುದರೊಳಗೆ ಮಾತಿಗೆ ಮಾತು ಬೆಳೆಯುತ್ತದೆ.

ಯಾಕೆಂದರೆ ಹರವಿಗೆ ಕೇಳಿಸುತ್ತದೆ. ಅದಕ್ಕೇ ನಾವು ಅದರ ಬಾಯಿಗೆ ತೆಳುವಾದ ಅರಿವೆ ಕಟ್ಟುತ್ತೇವೆಯೇ ಹೊರತು ಮಣ್ಣು ಮೆತ್ತುವುದಿಲ್ಲ, ಮೆತ್ತಿದರೆ ಕಿವುಡಾಗುತ್ತದೆ. ಪಡಸಾಲೆಯ ಮೂಲೆಯಲ್ಲಿ ಕುಂತು ಮನೆಯಲ್ಲಿ ಆಡಿದ್ದನ್ನೆಲ್ಲ ಅದು ಕುಡಿಯುತ್ತದೆ, ಆಮೇಲೆ ನಾವು ಅದನ್ನು ಕುಡಿಯುತ್ತೇವೆ. ಕೂಸು ಹುಟ್ಟಿದ ಮನೆಯ ರಸದಲ್ಲಿ ನೊರೆ ಹೆಚ್ಚು, ಮೂಗಿನೊಳಗೆ ಕಚಗುಳಿ ಇಡುತ್ತದೆ. ಮಾಸ್ತರರ ಮನೆಯದು ತಪ್ಪಿಲ್ಲದ ರಸ, ಆದರೆ ಎರಡನೆಯ ಗುಟುಕು ಮೊದಲನೆಯದರ ಹಾಗೇ ಇರುತ್ತದೆ, ಹತ್ತನೆಯದೂ. ಜನ ತಮ್ಮ ಮನೆಯಲ್ಲಿ ಇಲ್ಲದ್ದನ್ನು ಆರಿಸುತ್ತಾರೆ. ಮಕ್ಕಳ ದಂಡೇ ಇರುವ ಕಾಶವ್ವಕ್ಕ ಪ್ರತಿ ವರ್ಷ ದುಂಡಪ್ಪ ಕಾಕಾನ ಹರವಿಗೇ ಕಟ್ಟುತ್ತಾಳೆ. ಕಾಕಾ ಸಿಂಪಿಗ, ಒಂಟಿ ಮನುಷ್ಯ, ಅವನ ಹರವಿ ಹೊಲಿಗೆ ಮಷೀನಿನ ಸದ್ದು ಬಿಟ್ಟು ಬೇರೆ ಕೇಳಿದ್ದಿಲ್ಲ. ಅದನ್ನು ಎರಡು ಗುಟುಕು ಕುಡಿದರೆ ಕಾಶವ್ವಕ್ಕ ಮಕ್ಕಳ ಗದ್ದಲದ ನಡುವೆಯೇ ಕುಂತಲ್ಲೇ ನಿದ್ದೆ ಹೋಗುತ್ತಾಳೆ.

ಹರವಿ ಕೆಡಬಾರದೆಂದು ಊರವರು ಜಗಳವನ್ನು ಹೊರಗೆ ಒಯ್ಯುತ್ತಾರೆ. ಊರ ಹೊರಗಿನ ದಿಬ್ಬಕ್ಕೆ ಜಗಳದ ದಿಬ್ಬ ಎಂದೇ ಹೆಸರು. ಹೋಳಿ ಕಳೆದ ಮೇಲೆ ಸಂಜೆಹೊತ್ತು ಅಲ್ಲಿ ಗಂಡ ಹೆಂಡಿರು, ಅತ್ತೆ ಸೊಸೆಯರು, ಅಣ್ಣ ತಮ್ಮಂದಿರು ಪಾಳಿ ಹಚ್ಚಿ ನಿಂತಿರುತ್ತಾರೆ. ಪಾಳಿ ಬರುವ ಹೊತ್ತಿಗೆ ಎಷ್ಟೋ ಜನರಿಗೆ ಜಗಳ ಯಾಕೆಂಬುದೇ ಮರೆತುಹೋಗಿ, ಅಲ್ಲಿ ಮಾರುವ ಸುಟ್ಟ ಗೊಂಜಾಳದ ತೆನೆ ತಿಂದು ವಾಪಸ್ಸು ಬರುತ್ತಾರೆ. ನನಗೆ ಈ ಪಾಳಿಯ ಬಗ್ಗೆ ಮೊದಲಿನಿಂದಲೂ ಸಿಟ್ಟು. ಬಂದ ಸಿಟ್ಟನ್ನು ಕಟ್ಟಿಕೊಂಡು ಅಷ್ಟು ದೂರ ನಡೆಯಬೇಕೆಂದರೆ ಅದೇನು ಸಿಟ್ಟೋ, ಬುತ್ತಿಯೋ?

ನಾನು ಸಿಟ್ಟಿನವನು. ಬೇರೆಯವರು ಹೇಳಬೇಕಾಗಿಲ್ಲ. ಏಳನೇ ಇಯತ್ತೆಯಲ್ಲಿ ನಾನು ಒಡೆಯದ ಕಿಟಕಿಗೆ ಮಾಸ್ತರರು ನನ್ನನ್ನು ಮೊಣಕಾಲ ಮೇಲೆ ನಿಲ್ಲಿಸಿದರು. ಪಾಟಿಚೀಲ ಅಲ್ಲೇ ಬಿಟ್ಟು, ಬೈಸಿಕೊಂಡದ್ದು ದಂಡವಾಗಬಾರದೆಂದು ಪಕ್ಕದ ಕಿಟಕಿ ಒಡೆದು ಬಂದವನು ಮತ್ತೆ ಆ ಮೆಟ್ಟಿಲು ಹತ್ತಲಿಲ್ಲ. ಅಂದಿನಿಂದ ಹಿಟ್ಟಿನ ಗಿರಣಿಯಲ್ಲಿ ಕೆಲಸ. ಅಲ್ಲಿ ಕಲ್ಲು ತಿರುಗುವಾಗ ಒದರಿ ಹೇಳದಿದ್ದರೆ ಜೋಳದ ಡಬ್ಬಿಗೆ ಗೋಧಿ ಹಿಟ್ಟು ಬೀಳುತ್ತದೆ. ಒದರಿ ಒದರಿ ನನ್ನ ದನಿ ದೊಡ್ಡದಾಯಿತು, ಮನೆಗೆ ಬಂದ ಮೇಲೂ ಸಣ್ಣದಾಗಲಿಲ್ಲ. ಹೋದ ವರ್ಷ ಗಿರಣಿಗೆ ಹೊಸ ಕಲ್ಲು ಹಾಕಿದರು, ಅದರ ಸದ್ದು ಹಳೆಯದರ ದುಪ್ಪಟ್ಟು. ನನ್ನ ದನಿಯೂ ದುಪ್ಪಟ್ಟಾಯಿತು. ತೂಕಕ್ಕೆ ತಕರಾರು ತೆಗೆದವರ ಮೇಲೆ, ಅಂಗಿಯ ಮೇಲೆ ಕುಂತ ಹಿಟ್ಟಿನ ಮೇಲೆ, ಹೊಸ್ತಿಲು ಎಡವಿದರೆ ಹೊಸ್ತಿಲ ಮೇಲೆ, ಎಲ್ಲದರ ಮೇಲೂ ನಾನು ಪಡಸಾಲೆಯಲ್ಲಿ ನಿಂತು ಕೂಗಾಡಿದೆ. ಹರವಿ ಅಲ್ಲೇ ಮೂಲೆಯಲ್ಲಿ ಕುಂತಿತ್ತು.

ಅತ್ತಿ ಅಂದರೆ ನಮ್ಮಪ್ಪನ ಅಕ್ಕ, ತಂಗೆವ್ವ. ಗಂಡ ತೀರಿದ ಮೇಲೆ ಒಬ್ಬಳೇ ಇದ್ದ ಅವಳ ಮನೆಗೆ ನನ್ನನ್ನು ಅಂಬೆಗಾಲಿಡುವಾಗ ತಂದು ಬಿಟ್ಟರಂತೆ. ದುಂಡಪ್ಪ ಕಾಕಾನ ಅಂಗಡಿಯಲ್ಲಿ ಉಳಿದ ಚಿಂದಿ ತಂದು ಕೌದಿ ಹೊಲಿಯುವುದು ಅವಳ ಕೆಲಸ. ಕಾಕಾನ ಅಂಗಡಿ ನಮ್ಮ ಮನೆಯ ಎದುರಿಗೇ ಇದೆ. ಚಿಂದಿಗೆ ಅವನು ಏನೂ ಕೇಳುವುದಿಲ್ಲ, ಅವಳು ವರ್ಷಕ್ಕೊಂದು ಕೌದಿ ಕೊಡುತ್ತಾಳೆ. ಇಬ್ಬರೂ “ಚಿಂದಿ ಅದಾವೇನ್ರಿ,” “ಅದಾವ್ರಿ,” ಎನ್ನುವುದರಾಚೆಗೆ ಮಾತಾಡಿದ್ದನ್ನು ನಾನು ಕೇಳಿಲ್ಲ. ನಾನು ಸಣ್ಣವನಿದ್ದಾಗಿನಿಂದ ಕಾಕಾ ಪ್ರತಿ ಸೀಗಿ ಹುಣ್ಣಿಮೆಗೆ ನಮ್ಮ ಹರವಿಗೇ ಚಿಂದಿ ಕಟ್ಟುತ್ತಿದ್ದ. ರುಚಿಯನ್ನೂ ನೋಡುತ್ತಿರಲಿಲ್ಲ, ಸೀದಾ ಬಂದು ಕಟ್ಟಿ ಹೋಗುತ್ತಿದ್ದ. ಹೋದ ವರ್ಷ ಯಾಕೋ ನೋಡಿದ, ನೋಡಿ ಉಗುಳಿದ. ಅವನೇ ಉಗುಳಿದ ಮೇಲೆ ಬೇರೆ ಯಾರು ಮುಟ್ಟುತ್ತಾರೆ?

ಒಂದು ವರ್ಷ ಸುರಿದರೆ ಸುರಿಯಲಿ, ಎಲ್ಲರ ಮನೆಯಲ್ಲೂ ಒಮ್ಮೆ ಆಗುವುದೇ. ಆದರೆ ಒಂದರ ಹಿಂದೆ ಒಂದು ಎರಡು ವರ್ಷ ಸುರಿಸಿಕೊಂಡ ಹರವಿಯನ್ನು ಆ ಮನೆಯ ಬಾಗಿಲ ಮುಂದೆ ಬೋರಲು ಹಾಕುತ್ತಾರೆ. ಬೋರಲು ಬಿದ್ದ ಮನೆಯವರು ಮತ್ತೆ ರಸ ತುಂಬುವಂತಿಲ್ಲ, ತುಂಬದವರು ಆರಿಸುವಂತಿಲ್ಲ. ಕೆಳಗಿನ ಓಣಿಯಲ್ಲಿ ಅಂಥ ಒಂದು ಮನೆಯಿದೆ. ಶರದ್ ಋತುವಿನ ಸಂಜೆ ಎಲ್ಲರೂ ಕಟ್ಟೆಯ ಮೇಲಿದ್ದಾಗ ಅವರು ಬಾಗಿಲು ಮುಂದೆ ಮಾಡಿಕೊಂಡು ಒಳಗಿರುತ್ತಾರೆ. ಅತ್ತಿಗೆ ಆ ಸಂಜೆಗಳೆಂದರೆ ಜೀವ. ವರ್ಷವಿಡೀ ಬಗ್ಗಿ ಹೊಲಿಯುವವಳು ಆಗ ಮಾತ್ರ ಬೆನ್ನು ಗೋಡೆಗೆ ಆನಿಸಿ ಕಾಲು ಚಾಚಿ ಕೂಡುತ್ತಾಳೆ. ಆರಿಸುವುದರಲ್ಲಿ ಅವಳನ್ನು ಮೀರಿಸುವವರಿಲ್ಲ, ಹೊಸ ಸೊಸೆ ಬಂದ ಮನೆ, ಮುರಿದ ಸಂಬಂಧ ಕೂಡಿದ ಮನೆ ಎಂದು ಹುಡುಕಿ ಹುಡುಕಿ ಕಟ್ಟುತ್ತಾಳೆ. ಒಂದು ಗುಟುಕು ಕುಡಿದು ಕಣ್ಣು ಮುಚ್ಚಿ, “ಸೊಸಿ ಇನ್ನೂ ಅಂಜಾಕತ್ತೈತಿ ಪಾಪ,” ಎಂದು ತನ್ನಷ್ಟಕ್ಕೆ ನಗುತ್ತಾಳೆ. ಆ ನಗು ನನ್ನ ಬಾಯಿಯಿಂದಾಗಿ ಬೋರಲು ಬೀಳುವುದು ನನಗೆ ಬೇಕಾಗಿರಲಿಲ್ಲ.

ಅದಕ್ಕೇ ಈ ಹೋಳಿ ಮುಗಿದು ದ್ರಾಕ್ಷಿ ತುಳಿದು ಹರವಿ ತುಂಬಿದ ದಿನ ನಾನು ನಿಶ್ಚಯ ಮಾಡಿದೆ. ಕತ್ತೆ ಒದರಿದರೆ ತಾನೆ ಹರವಿ ಕೆಡುವುದು? ಹರವಿಯ ಬಾಯಿಗೆ ಅರಿವೆ ಕಟ್ಟಿದ ಹೊತ್ತಿನಿಂದ ನಾನು ಮನೆಯಲ್ಲಿ ಬಾಯಿ ಬಿಡಲಿಲ್ಲ. ಬೇಕಾದ್ದನ್ನೆಲ್ಲ ಗಿರಣಿಯಲ್ಲಿ ಒದರಿ ಬರುತ್ತಿದ್ದೆ. ದುಂಡಪ್ಪ ಕಾಕಾನಿಗೆ ಕೊಡಬೇಕಾದ ಉತ್ತರವನ್ನು ತಿರುಗುವ ಕಲ್ಲಿನ ಮುಂದೆ ದಿನಾ ಹೇಳಿ ಹೇಳಿ ಮಸೆದೆ. ಕೊನೆಗೆ ಅದು ಎಷ್ಟು ಹರಿತವಾಯಿತೆಂದರೆ ನನಗೇ ಅದರ ಮೇಲೆ ಪ್ರೀತಿ ಬಂತು. ಮನೆಗೆ ಬಂದರೆ ಮಾತ್ರ ಮುಗುಮ್ಮು. ರೊಟ್ಟಿ ಬೇಕಾದರೆ ಬೆರಳು, ಸಾಕಾದರೆ ಅಂಗೈ.

ಅತ್ತಿ ಮೊದಮೊದಲು ನಕ್ಕಳು. ಗಿರಣಿಯ ಕಲ್ಲಿನ ಕೆಳಗೆ ನಾಲಿಗೆ ಸಿಕ್ಕೊಂತೇನು ಎಂದು ಕೇಳಿದಳು. ಆಮೇಲೆ, ಯಾರ ಜೊತೆಗಾದರೂ ಬಡಿದಾಡಿ ಬಂದಿಯಾ ಎಂದು ಕೇಳಿದಳು. ಆಮೇಲೆ ತಾನೇನಾದರೂ ತಪ್ಪು ಮಾಡಿದೆನೇ ಎಂದು ಕೇಳಿದಳು. ನಾನು ಹರವಿಯ ಕಡೆಗೆ ಬೆರಳು ತೋರಿಸಿ, ತುಟಿಯ ಮೇಲೆ ಬೆರಳಿಟ್ಟೆ. ಅವಳು ತಲೆಯಾಡಿಸಿದಳು. ತಿಳಿಯಿತೆಂದುಕೊಂಡೆ. ಬೇಸಗೆ ಹೋಗಿ ಮುಂಗಾರು ಬರುವಷ್ಟರಲ್ಲಿ ಅವಳೂ ಬೆರಳಿನಲ್ಲೇ ಮಾತಾಡತೊಡಗಿದ್ದಳು. ಮೊದಲೆಲ್ಲ ಸೂಜಿಗೆ ಬೈಯುತ್ತಿದ್ದಳು, ಬೆಕ್ಕಿಗೆ ಬೈಯುತ್ತಿದ್ದಳು. ಈಗ ಬೆಕ್ಕು ಬಂದರೆ ಹಾಲು ಹಾಕಿ ಸುಮ್ಮನೆ ನೋಡುತ್ತಿದ್ದಳು. ಬೈಸಿಕೊಳ್ಳದೆ ಬೆಕ್ಕು ಕೂಡ ಬರುವುದನ್ನು ಕಡಿಮೆ ಮಾಡಿತು. ಮನೆ ತಣ್ಣಗಿತ್ತು. ನಾನು ಒಳಗೊಳಗೇ ಹಿಗ್ಗುತ್ತಿದ್ದೆ, ಇಂಥ ಶಾಂತ ಮನೆಯ ರಸ ಹಾಲಿನ ಹಾಗೆ ಇಳಿದೀತು ಎಂದು.

ಶ್ರಾವಣ ಮುಗಿಯುವ ಹೊತ್ತಿಗೆ ಹರವಿಗೆ ಕಿವಿ ಹಚ್ಚಿ ನೋಡುವುದು ರೂಢಿ. ಸರಿಯಾಗಿ ಕೇಳಿಸಿಕೊಂಡ ಹರವಿ ಆಗ ಜೇನುಗೂಡಿನ ಹಾಗೆ ಗುಂಯ್ ಎನ್ನುತ್ತಿರುತ್ತದೆ. ಅತ್ತಿ ಸ್ನಾನ ಮಾಡಿ, ಹರವಿಗೆ ಕುಂಕುಮ ಹಚ್ಚಿ, ಅದರ ಹೊಟ್ಟೆಗೆ ಕಿವಿ ಇಟ್ಟಳು. ಆ ಕಿವಿ ತೆಗೆದು ಈ ಕಿವಿ ಇಟ್ಟಳು. ಆಮೇಲೆ ಅರಿವೆಯ ಮೇಲೆ ಬೆರಳು ಒತ್ತಿ, ಒಸರಿದ್ದನ್ನು ನಾಲಿಗೆಗೆ ಹಚ್ಚಿಕೊಂಡಳು. ನನಗೂ ಹಚ್ಚಿದಳು. ನೀರು. ಬಾವಿಯ ನೀರಾದರೂ ಸ್ವಲ್ಪ ಉಪ್ಪಿರುತ್ತದೆ, ಇದಕ್ಕೆ ಅದೂ ಇಲ್ಲ.

“ನೀ ಬರೂಕಿಂತ ಮೊದಲ ಹಿಂಗ ಇರತಿತ್ತ ನೋಡು,” ಎಂದಳು ಅತ್ತಿ. ಎಷ್ಟೋ ದಿನಗಳ ಮೇಲೆ ಕೇಳಿದ ದನಿ, ಬಾಗಿಲಿನ ಹಳೆಯ ತಿರುಗಣಿಯ ಹಾಗೆ ಕಿರುಗುಟ್ಟಿತು. “ಒಬ್ಬಾಕಿ ಮನ್ಯಾಗ ಮಾತರೆ ಎಲ್ಲಿಂದ ಬರಬೇಕು? ಬೋರಲ ಹಾಕವ್ರಿದ್ರು. ಅಷ್ಟರಾಗ ನೀ ಬಂದಿ.”

ಅಷ್ಟು ಹೇಳಿ ಚಿಂದಿ ಮುಗಿದಿವೆ, ತಾ ಎಂದು ಎದುರಿನ ಅಂಗಡಿಯ ಕಡೆಗೆ ಕೈ ಮಾಡಿದಳು. ನನಗೆ ಬಂದ ಸಿಟ್ಟು ಎಂಥದ್ದೆಂದರೆ, ಯಾರ ಮೇಲೆ ಎಂದು ತಿಳಿಯದ ಸಿಟ್ಟು. ಆಡಿದರೆ ಕತ್ತೆ, ಆಡದಿದ್ದರೆ ನೀರು. ಈ ಹರವಿಗೆ ಏನು ಬೇಕಂತೆ? ಅದನ್ನು ಅಲ್ಲೇ ಒದ್ದುಬಿಡಬೇಕೆನಿಸಿತು. ಒದೆಯದೆ ಚಪ್ಪಲಿ ಮೆಟ್ಟಿ ಹೊರಬಿದ್ದೆ.

ಕಾಕಾನ ಅಂಗಡಿಯಲ್ಲಿ ಕಾಲಿಡುತ್ತಿದ್ದಂತೆ ಮಷೀನು ನಿಂತಿತು. ಅವನು ಕನ್ನಡಕದ ಮೇಲಿಂದ ನೋಡಿ, “ಏನಲೇ ಮೈಲಾರಿ, ನಿಮ್ಮ ಮನ್ಯಾಗ ಯಾರರೆ ಅದೀರೋ ಇಲ್ಲೋ?” ಎಂದು ಕೇಳಿದ. ಅವನ ಹರವಿ ಮಷೀನಿನ ಪಕ್ಕದಲ್ಲೇ ಇತ್ತು. ಅದು ಕೆಟ್ಟರೆ ಕೆಡಲಿ ಎಂದುಕೊಂಡು ನಾನು ಬಾಯಿ ಬಿಟ್ಟೆ. ಕತ್ತೆ ಎಂದವರು ನೀವೇ ಅಲ್ಲವೇ, ಕತ್ತೆ ಬಾಯಿ ಮುಚ್ಚಿದೆ, ಈಗ ನಿಮ್ಮ ಹೊಟ್ಟೆ ತಣ್ಣಗಾಯಿತಲ್ಲ ಎಂದು ಗಿರಣಿಯ ದನಿಯಲ್ಲೇ ಕೇಳಿದೆ. ಮಸೆದಿಟ್ಟ ಉತ್ತರ ಮಾತ್ರ ತೆಗೆಯಲಿಲ್ಲ. ಅದನ್ನು ಓಣಿಯ ಎದುರಿಗೇ ಕೊಡಬೇಕಾಗಿತ್ತು.

“ಒದರಿದ್ರ ಕತ್ತೆ ಅಂದೆ. ಬಾಯಿ ಹೊಲಕೋ ಅಂದೆನೇನ?” ಎಂದ ಕಾಕಾ. “ಹೊಲಿಯೂದು ನನ್ನ ಕೆಲಸ, ನಿಂದಲ್ಲ.”

ಹಾಗಾದರೆ ಏನು ಮಾಡಬೇಕಿತ್ತು ಎಂದು ಕೇಳಿದೆ. ಅವನು ಸೂಜಿಗೆ ದಾರ ಪೋಣಿಸತೊಡಗಿದ. ದಾರ ಆಗಲೇ ಪೋಣಿಸಿಯೇ ಇತ್ತು, ಅದನ್ನು ಎಳೆದು ತೆಗೆದು ಮತ್ತೆ ಪೋಣಿಸತೊಡಗಿದ.

“ಹ್ವಾದ ವರ್ಷ ಒಂದ ಗುಟುಕು ಬಾಯಾಗ ಹಾಕ್ಕೊಂಡೆ. ಬರೇ ನೀನ. ನಿನ್ನ ಕೆಳಗ, ನಿನ್ನ ಹಿಂದ, ಎಲ್ಲಾ ಕಡೆ ಹುಡುಕಿದೆ. ಆಕಿ ಎಲ್ಲೂ ಸಿಗಲಿಲ್ಲ.” ದಾರ ಸೂಜಿಯ ಕಣ್ಣು ತಪ್ಪಿ ಪಕ್ಕಕ್ಕೆ ಹೋಯಿತು. “ಈ ವರ್ಷ ಸಂಜಿಕೆ ಮಷೀನು ನಿಂದರಿಸಿ ಕುಂತ್ರೂ ಏನೂ ಕೇಳೂದಿಲ್ಲ. ನೀ ಏನರೆ ಅಂದ್ರ ತಾನ ಆಕಿ ಬೈಯಾಕಿ?”

ಅವನ ಮಷೀನು ಪ್ರತಿ ಸಂಜೆ, ನಾನು ಗಿರಣಿಯಿಂದ ಬರುವ ಹೊತ್ತಿಗೆ ನಿಲ್ಲುತ್ತಿತ್ತು. ನಾನು ಸಣ್ಣವನಿದ್ದಾಗ ಸಾಲೆಯಿಂದ ಬರುವ ಹೊತ್ತಿಗೂ ನಿಲ್ಲುತ್ತಿತ್ತು. ದಾರ ಹರಿಯಿತೆಂದು ತಿಳಿದಿದ್ದೆ. ಇಷ್ಟು ವರ್ಷ ದಿನಾ ಅದೇ ಹೊತ್ತಿಗೆ ಹರಿಯುವ ದಾರ ಯಾವುದು ಎಂದು ನಾನು ಒಮ್ಮೆಯೂ ಯೋಚಿಸಿರಲಿಲ್ಲ. ಕಾಕಾ ಚಿಂದಿಯ ಗಂಟನ್ನು ನನ್ನ ಕಡೆ ತಳ್ಳಿದ. ಅದರಲ್ಲಿ ಚಿಂದಿಗಿಂತ ದೊಡ್ಡ ತುಂಡುಗಳಿದ್ದವು, ಇನ್ನೂ ಜಂಪರ್ ಹೊಲಿಯಬಹುದಾದಂಥವು. ಗಂಟು ಎತ್ತಿಕೊಂಡು ಬಂದೆ.

ಅಂದು ಸಂಜೆ ಊಟಕ್ಕೆ ಕುಂತಾಗ ಬಾಯಿ ತೆಗೆಯಬೇಕೆಂದರೆ ಬರಲೊಲ್ಲದು. ಸಿಟ್ಟು ಬಂದಾಗ ನೀರಿನ ಹಾಗೆ ಹರಿಯುವ ಮಾತು, ತೆಗೆಯಬೇಕೆಂದಾಗ ತುಕ್ಕು ಹಿಡಿದ ಚಿಲಕ. ಅತ್ತಿ ರೊಟ್ಟಿ ಹಾಕಿದಳು, ಬ್ಯಾಳಿ ಸಾರು ಹಾಕಿದಳು, ತನ್ನ ತಾಟಿನ ಕಡೆ ನೋಡುತ್ತ ಕುಂತಳು. ಅವಳ ನೆತ್ತಿಯ ಕೂದಲು ಬೆಳ್ಳಗಾಗಿದ್ದನ್ನು ಆಗಲೇ ನಾನು ನೋಡಿದ್ದು. ಒಂದು ತುತ್ತು ನುಂಗಿ, ಹರವಿಯ ಕಡೆಗೊಮ್ಮೆ ನೋಡಿ ಹೇಳಿದೆ:

“ಅತ್ತಿ, ಸಾರಿಗೆ ಉಪ್ಪಿಲ್ಲ.”

ಅತ್ತಿ ತಲೆಯೆತ್ತಿದಳು. ನಾನು ಅವಳ ಬಾಯಿಂದ ಮಾತು ಬರುವ ತನಕ ಎರಡನೆಯ ಮಾತು ಆಡಬಾರದೆಂದು ಹಲ್ಲು ಕಚ್ಚಿದೆ. ಹೊಟ್ಟೆಯಲ್ಲಿ ಇನ್ನೂ ಬೇಕಾದಷ್ಟು ಇತ್ತು, ಆದರೂ ಕಚ್ಚಿದೆ.

“ಇಲ್ಲಂದ್ರ ಹಾಕ್ಕೋ. ಕೈಗೆ ಲಕ್ವ ಹೊಡದೈತೇನ?” ಎಂದಳು ಅತ್ತಿ, ಮೆಲ್ಲಗೆ. ಆಮೇಲೆ ಸ್ವಲ್ಪ ದೊಡ್ಡದಾಗಿ, “ಹೋಳಿಯಿಂದ ಇಲ್ಲೀತನ ಮೂಕಬಸವನಂಗ ಕುಂತು ತಿಂದಿ. ಉಪ್ಪಿಲ್ಲದ ದಿನಾ ತಿಂದಿ, ಖಾರ ಹೆಚ್ಚಾದ ದಿನಾ ತಿಂದಿ. ಇವತ್ತ ಬಾಯಿ ಬಂತೇನ ನಿನಗ? ಬಂದ ಬಾಯಿಗೆ ಮೊದಲ ನನ್ನ ಸಾರ ಸಿಕ್ಕತೇನ?”

ಸಾರಿಗೆ ಉಪ್ಪು ಸರಿಯಾಗಿಯೇ ಇತ್ತು. ಅವಳಿಗೂ ಅದು ಗೊತ್ತಿತ್ತು, ಅವಳೂ ಅದನ್ನೇ ತಿನ್ನುತ್ತಿದ್ದಳು. ಅಂದು ಅವಳು ಬೈಯಲು ಸುರು ಮಾಡಿದ್ದೇ ತಡ, ನಾನು ಕಿಟಕಿ ಒಡೆದದ್ದು, ಬೆಕ್ಕಿನ ಬಾಲ ತುಳಿದದ್ದು, ಹರಿದ ಅಂಗಿಯನ್ನು ಹೊಲಿಸಿಕೊಳ್ಳದೆ ತಿಂಗಳುಗಟ್ಟಲೆ ಗೂಟಕ್ಕೆ ಹಾಕಿದ್ದು ಎಲ್ಲ ಬಂದುಹೋಯಿತು. ನಡುನಡುವೆ ಅವಳ ಉಸಿರು ಮುಗಿದಾಗ ನಾನೊಂದು ಕಟ್ಟಿಗೆ ತುಂಡು ಹಾಕಿದ ಹಾಗೆ ಒಂದು ಮಾತು ಹಾಕುತ್ತಿದ್ದೆ, ಮತ್ತೆ ಉರಿ ಏಳುತ್ತಿತ್ತು. ಅತ್ತಿಯ ಬೈಗುಳ ಮೊದಲಿನಿಂದಲೂ ಹಾಗೆ, ತೊಟ್ಟಿಲ ಮುಂದೆ ಕುಂತು ಬೈದ ಹಾಗೆ ಒಂದು ತೂಗಾಟ ಅದರಲ್ಲಿ. ಸಣ್ಣವನಿದ್ದಾಗ ಅದನ್ನು ಕೇಳುತ್ತಲೇ ನಿದ್ದೆ ಹೋಗುತ್ತಿದ್ದೆ. ಎದುರಿನ ಅಂಗಡಿಯಲ್ಲಿ ಮಷೀನು ಯಾವಾಗಲೋ ನಿಂತಿತ್ತು. ಕೊನೆಗೆ ಅತ್ತಿ ಸೆರಗಿನಿಂದ ಕಣ್ಣು ಒರೆಸಿಕೊಂಡು, ಖಾರ ಹತ್ತಿತು ಎಂದಳು. ಖಾರವೂ ಸರಿಯಾಗಿಯೇ ಇತ್ತು.

ಅಲ್ಲಿಂದ ಸೀಗಿ ಹುಣ್ಣಿಮೆಯ ತನಕ ನಮ್ಮ ಮನೆಯಲ್ಲಿ ಜಗಳವಿಲ್ಲದ ಸಂಜೆಯಿಲ್ಲ. ಓಣಿಯವರು ಹಾಯ್ದು ಹೋಗುವಾಗ ನಿಂತು, ಹರವಿ ಇಟ್ಟುಕೊಂಡು ಏನಿದು, ದಿಬ್ಬಕ್ಕಾದರೂ ಹೋಗಬಾರದೇ ಎಂದು ಬುದ್ಧಿ ಹೇಳಿದರು. ಹೋದ ವರ್ಷ ಸುರಿದದ್ದು ಸಾಲದೇ ಎಂದು ಕಾಶವ್ವಕ್ಕ ಗಲ್ಲಕ್ಕೆ ಕೈ ಹಚ್ಚಿಕೊಂಡಳು. ನನಗೂ ಅಂಜಿಕೆ ಇತ್ತು. ಹರವಿ ಗುಂಯ್ ಎನ್ನತೊಡಗಿತ್ತು ನಿಜ, ಆದರೆ ಅದು ಹಾಡೋ ಒದರಾಟವೋ ಹೊರಗಿನಿಂದ ಹೇಗೆ ತಿಳಿಯಬೇಕು? ಎಷ್ಟೋ ಸಲ ಸಿಟ್ಟು ನಿಜವಾಗಿಯೇ ಬಂದು, ದನಿ ಗಿರಣಿಯ ಕಲ್ಲಿನ ಎತ್ತರಕ್ಕೆ ಏರಿಬಿಡುತ್ತಿತ್ತು. ಆಗೆಲ್ಲ ಅರ್ಧದಲ್ಲಿ ಬಾಯಿ ಮುಚ್ಚಿ ಹೊರಗೆ ಹೋಗಿ, ಕಟ್ಟೆಯ ಕಲ್ಲನ್ನು ಗುದ್ದಿ, ಒಳಗೆ ಬಂದು ಅತ್ತಿಯ ಮಾತಿಗೆ ಜಾಗ ಬಿಡುತ್ತಿದ್ದೆ. ಜಾಗ ಬಿಡುವುದು ಗುದ್ದುವುದಕ್ಕಿಂತ ಕಷ್ಟದ ಕೆಲಸ. ನನ್ನ ಬೆರಳಿನ ಗಂಟುಗಳನ್ನು ನೋಡಿ ಅತ್ತಿ ಅದಕ್ಕೂ ಬೈದಳು.

ಹುಣ್ಣಿಮೆಯ ಮಧ್ಯಾಹ್ನ ಬಿಸಿಲಿಗೆ ಕಾವಿರಲಿಲ್ಲ. ಹೊಲದ ಕಡೆಯಿಂದ ಹಸಿ ಜೋಳದ ವಾಸನೆ ಬರುತ್ತಿತ್ತು. ಹರವಿಯನ್ನು ನಾನೇ ಹೆಗಲ ಮೇಲೆ ಅರಿವೆಯ ಸಿಂಬಿ ಇಟ್ಟು ಹೊತ್ತು ಹುಣಸೆಯ ಕೆಳಗೆ ಇಳಿಸಿದೆ. ಅರಿವೆ ಬಿಚ್ಚಿದಾಗ ಅತ್ತಿ ಒಳಗೆ ಇಣುಕಿ ನೋಡಲಿಲ್ಲ, ನನ್ನ ಬೆನ್ನ ಹಿಂದೆ ನಿಂತಳು. ಜನ ಕುಡಿಕೆ ಹಿಡಿದು ಒಂದೊಂದೇ ಹರವಿಯ ಮುಂದೆ ಬಗ್ಗುತ್ತ, ಬಾಯಲ್ಲಿ ಗುಟುಕು ಹೊರಳಿಸುತ್ತ, ಹುಬ್ಬು ಏರಿಸುತ್ತ ಇಳಿಸುತ್ತ ಬಂದರು. ಕೂಸಿನ ಮನೆಯ ಹರವಿಗೆ ಮೂರು ಚಿಂದಿ ಬಿದ್ದವು. ಮಾಸ್ತರರು ನಮ್ಮದನ್ನು ಒಂದು ಗುಟುಕು ಕುಡಿದು ಕೆಮ್ಮಿದರು, ಗದ್ದಲ ಬಹಳವಾಯಿತು ಎಂದರು. ಹಾಗೆಂದವರು ಇನ್ನೊಂದು ಗುಟುಕು ತೆಗೆದುಕೊಂಡರು, ಆದರೆ ಕಟ್ಟಿದ್ದು ಕೂಸಿನ ಮನೆಯ ಹರವಿಗೆ. ಕಾಶವ್ವಕ್ಕ ಕುಡಿದು ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ತನ್ನ ಮನೆಯಲ್ಲಿ ಇದೇ ಹಗಲೂ ರಾತ್ರಿ ಇರುವಾಗ ಮತ್ತೆ ಹರವಿ ತುಂಬ ಒಯ್ದು ಏನು ಮಾಡಲಿ ಎಂದು ದುಂಡಪ್ಪ ಕಾಕಾನ ಹರವಿಗೆ ಕಟ್ಟಿದಳು. ಹೀಗೆ ಬಂದವರೆಲ್ಲ ನಮ್ಮ ಹರವಿಯ ಮುಂದೆ ಬೇರೆಯವರ ಮುಂದೆ ನಿಂತದ್ದಕ್ಕಿಂತ ಹೆಚ್ಚು ಹೊತ್ತು ನಿಂತರು. ನಿಂತು, ಮುಂದೆ ಹೋದರು. ಅತ್ತಿಯ ಕೈ ಮತ್ತೆ ನನ್ನ ಅಂಗಿಯ ಚುಂಗಿಗೆ ಬಂದಿತ್ತು. ಈ ಸಲ ಅದು ನನ್ನನ್ನು ತಡೆಯಲಿಕ್ಕಲ್ಲ, ತಾನು ನಿಲ್ಲಲಿಕ್ಕೆ.

ಕೊನೆಗೆ ಬಂದವನು ದುಂಡಪ್ಪ ಕಾಕಾ, ಯಾವಾಗಲೂ ಕೊನೆಗೇ ಬರುವವನು. ಕೊರಳಲ್ಲಿ ಅಳತೆಯ ಟೇಪು ಹಾಗೇ ಜೋತುಬಿದ್ದಿತ್ತು, ಅಂಗಡಿಯಿಂದ ಎದ್ದು ಬಂದದ್ದು ನೋಡಿದರೆ ತಿಳಿಯುತ್ತಿತ್ತು. ಬೇರೆ ಹರವಿಗಳ ಕಡೆ ನೋಡಲೂ ಇಲ್ಲ. ಕುಡಿಕೆ ಅದ್ದಿ, ಒಂದು ಗುಟುಕು ಬಾಯಿಗೆ ಹಾಕಿ ನಿಂತ. ನುಂಗಲಿಲ್ಲ, ಉಗುಳಲಿಲ್ಲ. ಓಣಿ ಕಾಯಿತು. ಬೋರಲು ಹಾಕುವವರು ಆಗಲೇ ಹತ್ತಿರ ಬಂದು ನಿಂತಿದ್ದರು.

“ಈ ವರ್ಷಾನೂ ಕತ್ತೆ ಒದರಾಕತ್ತೈತಿ ಇದರಾಗ,” ಎಂದ ಕಾಕಾ, ನುಂಗಿ.

ಜನ ನಕ್ಕರು, ಹೋದ ವರ್ಷಕ್ಕಿಂತ ಜೋರಾಗಿ ನಕ್ಕರು. ನನ್ನ ಕಿವಿ ಕಾದ ಹೆಂಚಾಯಿತು. ಕಾಕಾ ಇನ್ನೊಂದು ಕುಡಿಕೆ ಅದ್ದಿದ, ಕಣ್ಣು ಮುಚ್ಚಿ ಕುಡಿದ, ಕುಡಿದು ತನ್ನಷ್ಟಕ್ಕೆ ಎಂಬಂತೆ, “ಆದ್ರ ಬೈಯಾಕಿನೂ ಅದಾಳ,” ಎಂದ. ಅಂಗಿಯ ಕಿಸೆ ತಡವಿದ, ಆ ಕಿಸೆ, ಈ ಕಿಸೆ. ಊರಿಗೆ ಬಟ್ಟೆ ಹೊಲಿಯುವವನ ಹತ್ತಿರ ಒಂದು ಬೆರಳಗಲದ ಚಿಂದಿ ಇರಲಿಲ್ಲ, ಎಲ್ಲವನ್ನೂ ಗಂಟು ಕಟ್ಟಿ ನಮ್ಮ ಮನೆಗೆ ಕಳಿಸಿದ್ದ. ಆಮೇಲೆ ಕೊರಳಿನ ಟೇಪು ತೆಗೆದು ಹರವಿಯ ಕೊರಳಿಗೆ ಸುತ್ತಿ ಗಂಟು ಹಾಕಿದ. ಕಟ್ಟಿದ್ದನ್ನು ರಸ ತೀರುವ ತನಕ ಬಿಚ್ಚುವಂತಿಲ್ಲ.

“ಇನ್ನ ನಮ್ಮ ಜಂಪರ್ ಅಳತಿ ಹೆಂಗ ತೊಗೋತೀರಿ ಕಾಕಾ?” ಎಂದು ಕಾಶವ್ವಕ್ಕ ಕೇಳಿದಳು.

“ಅಂದಾಜಿಲೆ,” ಎಂದ ಕಾಕಾ. ಆಮೇಲೆ ನನ್ನ ಕಡೆ ತಿರುಗಿದ. “ಏನಲೇ ಕತ್ತೆ, ಅಂದದ್ದು ಕೇಳತಿಲ್ಲೋ? ಮತ್ತ ಬಾಯಿ ಹೊಲಕೊಂಡಿಯೇನ?”

ಉತ್ತರ ನಾಲಿಗೆಯ ತುದಿಯಲ್ಲಿತ್ತು. ವರ್ಷವಿಡೀ ಮಸೆದದ್ದು, ಒಂದು ಅಕ್ಷರ ಆಚೀಚೆ ಆಗದ ಹಾಗೆ ಕೂಡಿಸಿದ್ದು, ಇಡೀ ಓಣಿ ಮೊಮ್ಮಕ್ಕಳಿಗೆ ಹೇಳುವಂಥದ್ದು. ಓಣಿ ಬಾಯಿ ತೆರೆದುಕೊಂಡು ಕಾಯುತ್ತಿತ್ತು. ಹರವಿಯೂ ಬಾಯಿ ತೆರೆದುಕೊಂಡೇ ಇತ್ತು, ಯಾರೂ ಇನ್ನೂ ಅದಕ್ಕೆ ಅರಿವೆ ಕಟ್ಟಿರಲಿಲ್ಲ. ನನ್ನ ಬೆನ್ನ ಹಿಂದೆ ಅತ್ತಿ ಅಂಗಿಯ ಚುಂಗು ಬಿಟ್ಟು ಒಂದು ಹೆಜ್ಜೆ ಮುಂದೆ ಬಂದಳು. ಸೆರಗು ಸರಿಮಾಡಿಕೊಂಡಳು, ಗಂಟಲು ಸರಿಮಾಡಿಕೊಂಡಳು. ಇಷ್ಟು ವರ್ಷ ಕಾಕಾನ ಜೊತೆ ಚಿಂದಿಯ ಮಾತು ಬಿಟ್ಟು ಬೇರೆ ಆಡದವಳು ಏನೋ ಹೇಳಲಿಕ್ಕೆ ಉಸಿರು ಎಳೆದುಕೊಂಡಳು.

ನಾನು ಅವಳ ಮಾತಿಗೆ ಜಾಗ ಬಿಟ್ಟು, ಹೆಗಲ ಮೇಲಿನ ಸಿಂಬಿ ಕೊಡವಿ, ಜನರ ನಡುವೆ ದಾರಿ ಮಾಡಿಕೊಂಡು ಗಿರಣಿಯ ಕಡೆಗೆ ನಡೆದೆ.